ಇಪ್ಪತ್ತು ನಿಮಿಷದ ಬೆಲೆ: ಗೋವಾ 70.3ಕ್ಕೆ ಹೊರಟ ಹುಬ್ಬಳ್ಳಿಯ ಒಬ್ಬ ಹವ್ಯಾಸಿಯ ಪ್ರಕರಣ

ಹುಬ್ಬಳ್ಳಿಯಲ್ಲಿ ಜವಳಿ ಅಂಗಡಿ ಇಟ್ಟಿರುವ 46 ವರ್ಷದ ಒಬ್ಬರ ಪ್ರಕರಣ ಇದು. ಹೆಸರು ಬೇಡ ಎಂದಿದ್ದಾರೆ. ಸೈಕಲ್ ಗೆಳೆಯರೆಲ್ಲ ಅವರನ್ನು ಸಾವ್ಕಾರ್ರು ಎಂದೇ ಕರೆಯುವುದರಿಂದ ನಾನೂ ಹಾಗೇ ಕರೆಯುತ್ತೇನೆ. ಬಿಆರ್‌ಎಂ, ಅಂದರೆ ನಿಗದಿತ ಗಂಟೆಗಳೊಳಗೆ ಮುಗಿಸಬೇಕಾದ ಬಹುದೂರದ ಸೈಕಲ್ ಸವಾರಿಯಲ್ಲಿ ಪಳಗಿದ ಮನುಷ್ಯ. ಒಂದೇ ಸೀಸನ್‌ನಲ್ಲಿ 200, 300, 400, 600 ಕಿ.ಮೀ. ನಾಲ್ಕನ್ನೂ ಮುಗಿಸಿದವರು. ರಾತ್ರಿ ಎರಡು ಗಂಟೆಗೆ ಪೆಟ್ರೋಲ್ ಬಂಕಿನ ಕಟ್ಟೆಯ ಮೇಲೆ ಇಪ್ಪತ್ತು ನಿಮಿಷ ಮಲಗಿ ಎದ್ದು ಮತ್ತೆ ನೂರು ಕಿ.ಮೀ. ತುಳಿಯುವ ಜಾತಿ. ಓಟ ಸಾಧಾರಣ. ತಂಪಾದ ಒಂದು ಬೆಳಗ್ಗೆ ಹಾಫ್ ಮ್ಯಾರಥಾನನ್ನು 2 ಗಂಟೆ 5 ನಿಮಿಷದಲ್ಲಿ ಓಡಿದ್ದರು. ಈಜು ಕಲಿತದ್ದು ಮಾತ್ರ 43ನೇ ವಯಸ್ಸಿನಲ್ಲಿ, ಮಗಳ ಜೊತೆ ಬೇಸಿಗೆ ಶಿಬಿರಕ್ಕೆ ಹೋಗಿ.

ಇಂಥವರು ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮುಗಿಸಬೇಕಾದ ಟ್ರಯಥ್ಲಾನ್ ಸ್ಪರ್ಧೆಗೆ, ಗೋವಾದ ಐರನ್‌ಮ್ಯಾನ್ 70.3ಕ್ಕೆ ಹೆಸರು ಕೊಟ್ಟು ಬಂದು, ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದ ಲೆಕ್ಕ ತೋರಿಸಿದರು. ತಯಾರಿಯ ಯೋಜನೆ ಹಾಕಿಕೊಡುವುದು ನನ್ನ ಪಾಲಿಗೆ ಬಂತು. ಈಜು 1:00, ಸೈಕಲ್ 2:50, ಓಟ 2:10, ಬಟ್ಟೆ-ಶೂ ಬದಲಿಸಲು ಹತ್ತು ನಿಮಿಷ. ಒಟ್ಟು 6 ಗಂಟೆ 10 ನಿಮಿಷ. ಲೆಕ್ಕ ಕೂಡಿದ್ದು ಸರಿಯಾಗಿಯೇ ಇತ್ತು. ಆದರೆ ಈಜು, ಸೈಕಲ್, ಓಟದ ಆ ಮೂರು ಅಂಕಿಗಳೂ ಬೇರೆ ಬೇರೆ ದಿನಗಳಿಂದ ಬಂದವು. ಈಜು ಪೂಲ್‌ನದ್ದು. ಸೈಕಲ್ಲಿನ ವೇಗ ನಾಲ್ಕೈದು ಜನ ಸೇರಿ ಸರದಿಯಲ್ಲಿ ಗಾಳಿ ಸೀಳಿಕೊಂಡು ಹೋದ ಭಾನುವಾರದ್ದು. ಓಟ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಎದ್ದ ಕಾಲಿನದ್ದು. ಮೂರನ್ನೂ ಒಂದೇ ದಿನ, ಅದೂ ಗೋವಾದ ಸೆಖೆಯಲ್ಲಿ, ಒಂದೇ ದೇಹ ಮಾಡಬೇಕು ಅನ್ನೋದು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. 70.3 ಅಂದರೆ ಒಟ್ಟು ಮೈಲಿ. ಕಿಲೋಮೀಟರಿನಲ್ಲಿ ಹೇಳಿದರೆ 1.9 ಈಜು, 90 ಸೈಕಲ್, 21.1 ಓಟ. ಪೂರ್ತಿ ಐರನ್‌ಮ್ಯಾನ್‌ಗೆ ಇದರ ಎರಡರಷ್ಟು. ಗೋವಾದಲ್ಲಿ ಇದು 2019ರಲ್ಲಿ ಶುರುವಾಯಿತು. ಪಣಜಿಯ ಮಿರಾಮಾರ್ ಬೀಚ್‌ನಲ್ಲಿ ಸಮುದ್ರಕ್ಕಿಳಿದು, ಸೈಕಲ್ ತುಳಿದು, ಕೊನೆಗೆ ಓಡುವುದು. ಗಡಿಯಾರದ ಷರತ್ತು ಮೂರು. ನೀರಿಗಿಳಿದ 1 ಗಂಟೆ 10 ನಿಮಿಷದೊಳಗೆ ದಡ ಸೇರಬೇಕು. 5 ಗಂಟೆ 30 ನಿಮಿಷದೊಳಗೆ ಸೈಕಲ್ ಇಳಿಯಬೇಕು. 8 ಗಂಟೆ 30 ನಿಮಿಷದೊಳಗೆ ಓಟ ಮುಗಿಯಬೇಕು. ಒಂದು ತಪ್ಪಿದರೂ ದಿನ ಅಲ್ಲಿಗೇ ಮುಗಿಯಿತು. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಇದನ್ನು ಮುಗಿಸಿದ್ದು 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ. ಪತ್ರಿಕೆಗಳಲ್ಲಿ ಫೋಟೋ ನೋಡಿದವರಿಗೆ ಆ ಕೊನೆಯ ಎರಡೂವರೆ ನಿಮಿಷ ಎಷ್ಟು ಸಣ್ಣದು ಅಂತ ಗೊತ್ತಾಗಿರಲಿಕ್ಕಿಲ್ಲ. ಬಾಟಲಿ ತುಂಬಿಸಿಕೊಳ್ಳಲು ಎರಡು ಸಲ ನಿಂತರೆ ಅಷ್ಟು ಹೋಗುತ್ತದೆ.

ಮೊದಲು ನೀರು

ಸಾವ್ಕಾರ್ರ ಯೋಜನೆಯನ್ನು ನಾವು ಹಿಂದಿನಿಂದ ಕಟ್ಟಿದೆವು. ಎಷ್ಟು ವೇಗವಾಗಿ ಹೋಗಬಹುದು ಅಂತ ಅಲ್ಲ, ಯಾವ ಗಡಿ ಅವರನ್ನು ಹೊರಗೆ ಹಾಕಬಹುದು ಅಂತ. ಉತ್ತರ ಈಜು. ಪೂಲ್‌ನಲ್ಲಿ ಅವರ ಆರಾಮದ ವೇಗ ನೂರು ಮೀಟರಿಗೆ 2 ನಿಮಿಷ 45 ಸೆಕೆಂಡ್. ಹಾಗೆ 1.9 ಕಿ.ಮೀ. ಈಜಿದರೆ 52 ನಿಮಿಷ. ಆದರೆ ಪೂಲ್‌ನಲ್ಲಿ 25 ಮೀಟರಿಗೊಮ್ಮೆ ಗೋಡೆ ಸಿಗುತ್ತದೆ, ಕಾಲಿನಿಂದ ಒದ್ದುಕೊಳ್ಳಬಹುದು. ಕೆಳಗೆ ಕಪ್ಪು ಗೆರೆ ಇರುತ್ತದೆ. ಸಮುದ್ರದಲ್ಲಿ ಎರಡೂ ಇಲ್ಲ. ಆಗಾಗ ತಲೆ ಎತ್ತಿ ತೇಲುವ ಗುರುತು ಎಲ್ಲಿದೆ ನೋಡಬೇಕು. ನೋಡದಿದ್ದರೆ ಡೊಂಕಾಗಿ ಹೋಗಿ ನೂರು ಮೀಟರ್ ಜಾಸ್ತಿ ಈಜುತ್ತೀರಿ. ಹಾಗಾಗಿ ಎರಡು ಕಿ.ಮೀ., ನೂರು ಮೀಟರಿಗೆ 2:55 ಅಂತ ಹಿಡಿದೆವು. 58 ನಿಮಿಷ ಚಿಲ್ಲರೆ ಬಂತು. ಗಡಿಗೆ ಹನ್ನೊಂದು ನಿಮಿಷ ಬಾಕಿ. ಒಂದು ಸಲ ಗಾಬರಿಯಾದರೆ ಅದರಲ್ಲಿ ಅರ್ಧ ಹೋಗುತ್ತದೆ.

ತಣ್ಣೀರಿನ ಊರುಗಳಲ್ಲಿ ವೆಟ್‌ಸೂಟ್, ಅಂದರೆ ಮೈಗಂಟುವ ರಬ್ಬರಿನ ಉಡುಪು ಹಾಕಿಕೊಂಡು ಈಜುತ್ತಾರೆ. ಅದು ಚಳಿಗೆ ಮಾತ್ರವಲ್ಲ, ಸೊಂಟ ಮೇಲೆ ತೇಲುವುದರಿಂದ ಕಚ್ಚಾ ಈಜುಗಾರರಿಗೆ ದೊಡ್ಡ ಆಸರೆ. ಗೋವಾದ ನೀರು ಬೆಚ್ಚಗಿರುತ್ತದೆ, ಆ ಆಸರೆ ಅಲ್ಲಿಲ್ಲ. ಕಾಲು ಮುಳುಗಿದರೆ ಮುಳುಗಿತು.

ಕಾರವಾರಕ್ಕೆ ಹೋಗಿ ಟಾಗೋರ್ ಬೀಚ್‌ನಲ್ಲಿ ಅಭ್ಯಾಸ ಮಾಡಿದರು. ಮಳೆಗಾಲ ಮುಗಿಯುವ ತನಕ ಅದೂ ಸಾಧ್ಯವಿರಲಿಲ್ಲ. ಜೊತೆಗೆ ಆ ಕಡಲು ಬಲ್ಲ ಒಬ್ಬರು ಇರಲೇಬೇಕು ಅನ್ನೋದು ನನ್ನ ಷರತ್ತು. ಅಲ್ಲಿ ಅವರು ಕಲಿತದ್ದು ವೇಗವನ್ನಲ್ಲ. ಉಪ್ಪುನೀರು ಬಾಯಿಗೆ ಹೋದಾಗ ಏನು ಮಾಡಬೇಕು, ಅಲೆ ಮುಖಕ್ಕೆ ಬಡಿದರೆ ಯಾವ ಕಡೆ ತಿರುಗಿ ಉಸಿರು ತೆಗೆದುಕೊಳ್ಳಬೇಕು, ಎದೆ ಹೊಡೆದುಕೊಂಡಾಗ ಬೆನ್ನಿನ ಮೇಲೆ ತಿರುಗಿ ಆಕಾಶ ನೋಡುತ್ತ ಮೂವತ್ತು ಎಣಿಸುವುದು ಹೇಗೆ. ಉಪ್ಪುನೀರು ಹೆಚ್ಚು ಕುಡಿದವರಿಗೆ ಮುಂದೆ ಸೈಕಲ್ ಮೇಲೆ ಹೊಟ್ಟೆ ತೊಳಸುತ್ತದೆ, ತಿನ್ನಲಿಕ್ಕೆ ಆಗುವುದಿಲ್ಲ, ತಿನ್ನದಿದ್ದರೆ ಓಟದಲ್ಲಿ ಕಾಲು ಏಳುವುದಿಲ್ಲ. ಬೆಳಗಿನ ಒಂದು ಗುಟುಕು ಮಧ್ಯಾಹ್ನ ಲೆಕ್ಕ ಕೇಳುತ್ತದೆ.

ಇನ್ನೊಂದು ವಿಷಯ ಅವರಿಗೆ ಬಹಳ ಖುಷಿ ಕೊಟ್ಟಿತು. ಈ ಸ್ಪರ್ಧೆಯಲ್ಲಿ ಸೈಕಲ್ ಮೇಲೆ ಇನ್ನೊಬ್ಬರ ಹಿಂದೆ ಅಂಟಿಕೊಂಡು ಹೋಗುವಂತಿಲ್ಲ. ಹನ್ನೆರಡು ಮೀಟರ್ ಅಂತರ ಇಡಬೇಕು, ಇಲ್ಲದಿದ್ದರೆ ಪೆನಾಲ್ಟಿ. ಆದರೆ ನೀರಿನಲ್ಲಿ ಇನ್ನೊಬ್ಬರ ಪಾದದ ಹಿಂದೆ ಈಜಲು ಯಾವ ಅಡ್ಡಿಯೂ ಇಲ್ಲ. ಮುಂದಿನವರು ನೀರು ಸೀಳಿರುತ್ತಾರೆ, ಹಿಂದಿನವರಿಗೆ ಕಷ್ಟ ಕಡಿಮೆ. ಗುಂಪಿನಲ್ಲಿ ಸೈಕಲ್ ತುಳಿದವರಿಗೆ ಈ ವಿದ್ಯೆ ಹೇಳಿಕೊಡಬೇಕಿಲ್ಲ. ಜಾಗ ಮಾತ್ರ ಬದಲಾಯಿತು.

ಇಪ್ಪತ್ತು ನಿಮಿಷ

ಈಗ ನಿಜವಾದ ಜಗಳ. ನಾನು ಸೈಕಲ್ಲಿಗೆ 3 ಗಂಟೆ 20 ನಿಮಿಷ ಬರೆದೆ, ಅಂದರೆ ಗಂಟೆಗೆ 27 ಕಿ.ಮೀ. ವೇಗ. ಸಾವ್ಕಾರ್ರಿಗೆ ಅವಮಾನವೇ ಆಯಿತು. "ಏನ್ರಿ ಸರ, 27ರ ಸ್ಪೀಡ್‌ನಾಗ ನಾ ಹಿಂದ ಬ್ಯಾಗ್ ಕಟ್ಕೊಂಡು ಹೊಡಿತೇನಿ" ಎಂದರು. ಸುಳ್ಳಲ್ಲ. ಒಬ್ಬರೇ ಹೋದರೂ ಮೂರು ಗಂಟೆಯಲ್ಲಿ 90 ಕಿ.ಮೀ. ಮುಗಿಸುವ ತಾಕತ್ತು ಅವರಿಗಿತ್ತು. ಹಾಗಾದರೆ ಇಪ್ಪತ್ತು ನಿಮಿಷ ಸುಮ್ನೆ ಯಾಕೆ ಬಿಡಬೇಕು?

ಅಂಗಡಿಯವರಿಗೆ ದರದ ಮಾತೇ ಬೇಗ ತಿಳಿಯುವುದು, ಹಾಗೇ ಹೇಳಿದೆ. ಆ ಇಪ್ಪತ್ತು ನಿಮಿಷ ನಿಮಗೆ ಬೇಕು, ಸರಿ, ಅದರ ಖರೀದಿ ಬೆಲೆ ಎಷ್ಟು ನೋಡೋಣ. ಗಂಟೆಗೆ 27 ಕಿ.ಮೀ.ಯಿಂದ 30ಕ್ಕೆ ಹೋದರೆ ವೇಗ ಹೆಚ್ಚುವುದು ನೂರಕ್ಕೆ ಹನ್ನೊಂದು. ಗಾಳಿಯನ್ನು ತಳ್ಳಲು ಬೇಕಾದ ಶಕ್ತಿ ಮಾತ್ರ ವೇಗದ ಘನದಂತೆ ಏರುತ್ತದೆ. ಸಪಾಟು ರಸ್ತೆಯಲ್ಲಿ ಎಲ್ಲ ಸೇರಿ ಕಾಲು ಹಾಕಬೇಕಾದ ಶಕ್ತಿ ಮೂರನೇ ಒಂದು ಭಾಗದಷ್ಟು ಜಾಸ್ತಿಯಾಗುತ್ತದೆ. ಗೋವಾದ ರಸ್ತೆ ಸಪಾಟೂ ಅಲ್ಲ, ಏರಿಳಿತವಿದೆ. ಪ್ರತಿ ಏರಿನಲ್ಲೂ ಎದ್ದು ತುಳಿಯುವ ಆಸೆ ಬರುತ್ತದೆ.

ಇನ್ನು ಓಟದ ಕಡೆ. ಕಿಲೋಮೀಟರಿಗೆ 7 ನಿಮಿಷ 15 ಸೆಕೆಂಡಿನಂತೆ ಓಡುತ್ತಾ ಇರುವವರು ಸೋತು ನಡೆಯಲು ಶುರು ಮಾಡಿದರೆ ಬಿರುಸಾಗಿ ನಡೆದರೂ 10:30 ಬೇಕು. ಪ್ರತಿ ಕಿಲೋಮೀಟರಿಗೆ ಮೂರೂಕಾಲು ನಿಮಿಷ ನಷ್ಟ. ಆರು ಕಿ.ಮೀ. ನಡೆದರೆ ಸೈಕಲ್ ಮೇಲೆ ಗಳಿಸಿದ ಇಪ್ಪತ್ತು ನಿಮಿಷ ಪೂರ್ತಿ ಹೋಯಿತು. ಮೂರು ಗಂಟೆ ತನ್ನ ಮಿತಿ ಮೀರಿ ತುಳಿದ ಕಾಲು ಮಧ್ಯಾಹ್ನದ ಬಿಸಿಲಿನಲ್ಲಿ 21 ಕಿ.ಮೀ. ಓಡುವಾಗ ಬರೀ ಆರು ಕಿ.ಮೀ. ನಡೆದು ಸುಮ್ಮನಾಗುತ್ತದಾ? ನನಗೆ ನಂಬಿಕೆ ಇಲ್ಲ.

ಸೈಕಲ್ ಬಲ್ಲವರು ಟ್ರಯಥ್ಲಾನ್‌ಗೆ ಬಂದಾಗ ಎಡವುವುದು ಇಲ್ಲೇ. ಈಜಿನಲ್ಲಿ ಹಿಂದೆ ಬಿದ್ದಿರುತ್ತಾರೆ. ಸೈಕಲ್ ಸಿಕ್ಕಿದ ಕೂಡಲೇ ಇದು ನನ್ನ ಜಾಗ ಅನ್ನಿಸುತ್ತದೆ. ಮುಂದಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ದಾಟುವುದು ಬಹಳ ಸುಖದ ಕೆಲಸ. ಆ ಸುಖಕ್ಕೆ ದುಡ್ಡು ಕಟ್ಟುವುದು ಓಟದಲ್ಲಿ. ತನಗೆ ಯಾವುದು ಚೆನ್ನಾಗಿ ಬರುತ್ತದೋ ಅಲ್ಲೇ ಕೈ ಬಿಗಿ ಹಿಡಿಯಬೇಕು. ಈಜಿನಲ್ಲಿ ಹಿಡಿಯಲು ಅವರ ಕೈಯಲ್ಲಿ ಏನೂ ಇಲ್ಲ, ಓಟದಲ್ಲಿ ಹಿಡಿಯಬೇಕಾದ ಅಗತ್ಯವೇ ಬರುವುದಿಲ್ಲ. ಹಿಡಿತ ಅನ್ನೋದು ಉಳಿಯುವುದು ಸೈಕಲ್ಲಿನಲ್ಲಿ ಮಾತ್ರ.

ತುಳಿತದ ಶಕ್ತಿ ಅಳೆಯುವ ಪವರ್ ಮೀಟರ್ ಕೊಳ್ಳುವುದು ಬೇಡ ಎಂದೆ. ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ ಸಾಕು. ಗಂಟೆ ಹೊತ್ತು ಎಳೆಯಬಲ್ಲ ಗರಿಷ್ಠ ಶ್ರಮದಲ್ಲಿ ಅವರ ಎದೆಬಡಿತ 165ರ ಆಸುಪಾಸು. ಸ್ಪರ್ಧೆಯಲ್ಲಿ ಸೈಕಲ್ ಮೇಲೆ 142 ದಾಟಬಾರದು, ಏರಿನಲ್ಲಿ 150ರ ತನಕ ಮಾಫಿ. ಸೆಖೆಯಲ್ಲಿ ಅದೇ ಶ್ರಮಕ್ಕೆ ಎದೆಬಡಿತ ಹತ್ತು ಹದಿನೈದು ಹೆಚ್ಚೇ ಓಡುತ್ತದೆ, ಮೈ ತಂಪು ಮಾಡಲು ರಕ್ತ ಚರ್ಮದ ಕಡೆಗೂ ಹೋಗಬೇಕಲ್ಲ. ಅಂದರೆ ಬಿಸಿಲು ಏರಿದಂತೆ ಈ ಮಿತಿಯೇ ಅವರನ್ನು ತಾನಾಗಿ ನಿಧಾನ ಮಾಡುತ್ತದೆ. ಪವರ್ ಮೀಟರಿನ ಅಂಕಿಗೆ ಬಿಸಿಲು ಗೊತ್ತಾಗುವುದಿಲ್ಲ.

ಕೊನೆಗೆ ಒಪ್ಪಿದ ಲೆಕ್ಕ ಹೀಗಿತ್ತು: ಈಜು 1:00, ಮೊದಲ ಬದಲಾವಣೆ 7 ನಿಮಿಷ, ಸೈಕಲ್ 3:20, ಎರಡನೇ ಬದಲಾವಣೆ 5 ನಿಮಿಷ, ಓಟ 2:35. ಒಟ್ಟು 7 ಗಂಟೆ 7 ನಿಮಿಷ. "ಒಪ್ಪಿದ" ಅಂದರೆ ಅವರ ಹೆಂಡತಿ ಒಪ್ಪಿದರು. "ಅಂಗಡಿ ತಗೀಲಿಕ್ಕೆ ಸೋಮವಾರ ಮನಿಗೆ ಬಂದ್ರ ಸಾಕ್ರಿ" ಎಂದರು. ಅದೇ ನಿರ್ಣಯವಾಯಿತು.

ಗಿರ್ಮಿಟ್ಟಿನಿಂದ ಪಾನಕಕ್ಕೆ

ಬಿಆರ್‌ಎಂನಲ್ಲಿ ತಿನ್ನುವ ರೀತಿಯೇ ಬೇರೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಇರುತ್ತದೆ. ದಾರಿಯಲ್ಲಿ ನಿಂತು ಗಿರ್ಮಿಟ್, ಮಿರ್ಚಿ, ಎರಡು ಚಹಾ. ಜೇಬಿನಲ್ಲಿ ಶೇಂಗಾ ಚಿಕ್ಕಿ. ಅಷ್ಟು ಹಗುರ ಶ್ರಮದಲ್ಲಿ ಹೊಟ್ಟೆ ಎಲ್ಲವನ್ನೂ ಅರಗಿಸುತ್ತದೆ. ಇಲ್ಲಿ ಹಾಗಲ್ಲ. ಶ್ರಮ ಏರಿದಂತೆ ಹೊಟ್ಟೆಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಶೇಂಗಾದ ಎಣ್ಣೆ ಅಂಶ ಹೊಟ್ಟೆಯಲ್ಲೇ ಕೂತುಬಿಡುತ್ತದೆ. ಬೇಕಾದದ್ದು ಬೇಗ ಇಳಿಯುವ ಸಕ್ಕರೆ, ಗಂಟೆಗೆ 60 ಗ್ರಾಂ ಹತ್ತಿರ, ಜೊತೆಗೆ ಉಪ್ಪು ಮತ್ತು ನೀರು.

ಎಷ್ಟು ನೀರು? ಅದಕ್ಕೆ ಮನೆಯ ತಕ್ಕಡಿ ಸಾಕು. ಸವಾರಿಗೆ ಮೊದಲು ಬರಿ ಮೈಯಲ್ಲಿ ತೂಕ, ಒಂದು ಗಂಟೆ ತುಳಿದು ಬೆವರು ಒರೆಸಿಕೊಂಡು ಮತ್ತೆ ತೂಕ. ನಡುವೆ ಕುಡಿದದ್ದನ್ನು ಸೇರಿಸಿಕೊಂಡರೆ ಬೆವರಿನ ಲೆಕ್ಕ ಸಿಗುತ್ತದೆ. ಹುಬ್ಬಳ್ಳಿಯ ಬೆಳಗಿನ ತಂಪಿನಲ್ಲಿ ಅವರದು ಗಂಟೆಗೆ 700 ಮಿಲಿ. ಕಾರವಾರದಲ್ಲಿ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಓಡಿದಾಗ 1.3 ಲೀಟರ್. ಹೆಚ್ಚುಕಡಿಮೆ ಎರಡರಷ್ಟು! ಅಷ್ಟನ್ನೂ ಕುಡಿದು ತುಂಬಿಸಲು ಹೊಟ್ಟೆ ಬಿಡುವುದಿಲ್ಲ. ಗಂಟೆಗೆ 700, 750 ಮಿಲಿ ಅವರಿಗೆ ಇಳಿಯಿತು, ಅದರಾಚೆ ಗುಳುಗುಳು. 74 ಕಿಲೋ ತೂಕದ ಮನುಷ್ಯ ಕೊನೆಗೆ ಎರಡೂವರೆ ಕಿಲೋ ಕಳೆದುಕೊಂಡು ಮುಗಿಸುತ್ತಾರೆ ಅಂತ ಲೆಕ್ಕ ಹಾಕಿ, ಅದಕ್ಕೆ ಸಿದ್ಧರಾಗೋಣ ಎಂದೆವು.

ಉಪ್ಪಿನ ಸುಳಿವು ಅವರ ಕಪ್ಪು ಜೆರ್ಸಿ ಕೊಟ್ಟಿತು. ಒಣಗಿದ ಮೇಲೆ ಬೆನ್ನಿನ ತುಂಬ ಬಿಳಿ ಗೆರೆ. ಬೆವರಿನಲ್ಲಿ ಉಪ್ಪು ಜಾಸ್ತಿ ಹೋಗುವ ಮೈ. ಇಂಥವರು ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ಇಳಿದು ತಲೆ ತಿರುಗುವುದು, ವಾಂತಿ, ಗೊಂದಲ, ಕೆಟ್ಟರೆ ಜೀವಕ್ಕೇ ಅಪಾಯ. ಸೆಖೆ ಅಂತ ಕೊಡ ಕೊಡ ನೀರು ಕುಡಿಯಿರಿ ಅನ್ನುವ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ.

ಮದ್ದು ಔಷಧದ ಅಂಗಡಿಯಲ್ಲೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಪೊಟ್ಟಣ. ಒಂದು ಲೀಟರಿಗೆ 2.6 ಗ್ರಾಂ ಅಡುಗೆ ಉಪ್ಪು, 2.9 ಗ್ರಾಂ ಸಿಟ್ರೇಟ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 13.5 ಗ್ರಾಂ ಗ್ಲೂಕೋಸ್. ಸೋಡಿಯಂ ಭರ್ತಿ ಇದೆ. ಆದರೆ ಸಕ್ಕರೆ ಬಹಳ ಕಡಿಮೆ. ಭೇದಿಯಾದವರಿಗೆ ಮಾಡಿದ ಔಷಧ ಅದು, ಓಟಗಾರರಿಗೆ ಊಟವಲ್ಲ. ಅದನ್ನೇ ನಂಬಿ 90 ಕಿ.ಮೀ. ತುಳಿದವರು ಖಾಲಿಯಾಗುತ್ತಾರೆ. ನಾವು ಒಂದು ಲೀಟರಿನ ಪೊಟ್ಟಣವನ್ನು 750 ಮಿಲಿಯ ಎರಡು ಬಾಟಲಿಗೆ ಹಂಚಿ, ಪ್ರತಿ ಬಾಟಲಿಗೆ ಒಂಬತ್ತು ಚಮಚ ಸಕ್ಕರೆ, ಅರ್ಧ ಲಿಂಬೆಹಣ್ಣು ಸೇರಿಸಿದೆವು. ಬಾಟಲಿಗೆ ಐವತ್ತು ಗ್ರಾಂ ಚಿಲ್ಲರೆ ಸಕ್ಕರೆ ಆಯಿತು, ರುಚಿಯೂ ಪಾನಕದ್ದೇ. ಗಂಟೆಗೊಂದು ಬಾಟಲಿ, ನಡುವೆ ಅರ್ಧ ಬಾಳೆಹಣ್ಣು. ಮೂರನೇ ನಾಲ್ಕನೇ ಬಾಟಲಿಗೆ ಬೇಕಾದ ಪುಡಿಯನ್ನು ಅವರ ಹೆಂಡತಿ ಸಣ್ಣ ಜಿಪ್ ಕವರುಗಳಲ್ಲಿ ಕಟ್ಟಿಕೊಟ್ಟರು. ಶರ್ಟಿನ ಜೊತೆ ಹೆಚ್ಚುವರಿ ಗುಂಡಿ ಹಾಕಿಕೊಡುತ್ತಾರಲ್ಲ, ಆ ಕವರಿನ ದೊಡ್ಡ ಸೈಜು. ದಾರಿಯಲ್ಲಿ ನೀರು, ತಿನಿಸು ಕೊಡುವ ಏಡ್ ಸ್ಟೇಷನ್ನಿನಲ್ಲಿ ನೀರಿನ ಬಾಟಲಿ ತೆಗೆದುಕೊಂಡು ಪುಡಿ ಸುರಿದರೆ ಆಯಿತು.

ದೀಪಾವಳಿ ಮತ್ತು ಗೋಡೌನ್

ಯೋಜನೆಯ ದೊಡ್ಡ ಶತ್ರು ಸಮುದ್ರವಲ್ಲ, ಹಬ್ಬ. ಆ ಸಲ ಸ್ಪರ್ಧೆ ನವೆಂಬರಿನಲ್ಲಿತ್ತು, ಬಲಿಪಾಡ್ಯಮಿ ಕಳೆದು ಎರಡೂವರೆ ವಾರಕ್ಕೆ. ದಸರೆಯಿಂದ ದೀಪಾವಳಿ ತನಕ ಜವಳಿ ಅಂಗಡಿಯವರಿಗೆ ಉಸಿರಾಡಲು ಬಿಡುವಿಲ್ಲ. ಪುಸ್ತಕದ ಪ್ರಕಾರ ಅತಿ ಹೆಚ್ಚು ತರಬೇತಿ ಮಾಡಬೇಕಾದ ವಾರಗಳೂ ಅವೇ. ವಾರಕ್ಕೆ ಎಂಟೊಂಬತ್ತು ಗಂಟೆ ಸಿಗುತ್ತಿದ್ದದ್ದು ನಾಲ್ಕಕ್ಕೆ ಇಳಿಯಿತು. ಏನು ಬಿಡಬೇಕು?

ಉದ್ದದ ಸೈಕಲ್ ಸವಾರಿ ಬಿಟ್ಟೆವು. ಸೈಕಲ್ಲಿನವರಿಗೆ ಇದು ಕೇಳಲು ವಿಚಿತ್ರ. ಆದರೆ ವರ್ಷಗಟ್ಟಲೆ ತುಳಿದು ಬಂದ ಕಾಲಿನ ಕಸುವು ಒಂದು ತಿಂಗಳಿಗೆ ಕರಗುವುದಿಲ್ಲ. ಕಲಿತು ಮೂರು ವರ್ಷವಾದ ಈಜು ಹತ್ತು ದಿನ ಬಿಟ್ಟರೆ ಕೈಗೆ ಸಿಗುವುದಿಲ್ಲ. ಬೆಳಗ್ಗೆ ಆರಕ್ಕೆ ನಲವತ್ತು ನಿಮಿಷ ಪೂಲ್, ವಾರಕ್ಕೆ ಮೂರು ದಿನ, ಯಾವ ಕಾರಣಕ್ಕೂ ತಪ್ಪಿಸುವಂತಿಲ್ಲ ಎಂದೆ. ಓಟ ಎರಡು ದಿನ.

ಉಳಿದದ್ದು ಸೆಖೆ. ಹುಬ್ಬಳ್ಳಿಯ ನವೆಂಬರ್ ಹಿತವಾದ ಒಣಹವೆ. ಗೋವಾದಲ್ಲಿ ಗಾಳಿಯಲ್ಲೇ ನೀರು. ಬೆವರು ಆರಿದರೆ ತಾನೇ ಮೈ ತಂಪಾಗುವುದು? ಅಲ್ಲಿ ಆರುವುದಿಲ್ಲ, ಸುಮ್ನೆ ಹರಿದು ಹೋಗುತ್ತದೆ. ದೇಹ ಇದಕ್ಕೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಒಗ್ಗಿದರೆ ರಕ್ತದ ನೀರಿನ ಅಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪೂ ಕಡಿಮೆಯಾಗುತ್ತದೆ. ಎರಡು ವಾರ ಮೊದಲೇ ಗೋವಾಕ್ಕೆ ಹೋಗಿ ಕೂರಲು ವ್ಯಾಪಾರಿಗೆ ಎಲ್ಲಿ ಆಗುತ್ತದೆ?

ಅಂಗಡಿಯ ಮೇಲೆ ತಗಡಿನ ಮಾಡಿನ ಗೋಡೌನ್ ಇದೆ. ಹಬ್ಬ ಮುಗಿದು ಗಿರಾಕಿ ತೆಳುವಾದ ಮೇಲೆ ಅಲ್ಲೇ ಸೈಕಲ್ಲನ್ನು ನಿಂತಲ್ಲೇ ತುಳಿಯುವ ಟ್ರೇನರ್ ಸ್ಟ್ಯಾಂಡಿಗೆ ಹಾಕಿದರು. ಮಧ್ಯಾಹ್ನ ಎರಡು ಗಂಟೆ, ಕಿಟಕಿ ಮುಚ್ಚಿ, ಫ್ಯಾನ್ ಇಲ್ಲ, ಸುತ್ತ ಸೀರೆಯ ಪೆಟ್ಟಿಗೆಗಳು. ಹಗುರವಾಗಿ ನಲವತ್ತೈದು ನಿಮಿಷ ತುಳಿಯುವುದು. ಒಂದು ಷರತ್ತು: ಕೆಳಗೆ ಕೆಲಸ ಮಾಡುವ ಹುಡುಗ ಹತ್ತು ನಿಮಿಷಕ್ಕೊಮ್ಮೆ ಬಂದು ಮಾತಾಡಿಸಬೇಕು. ಉತ್ತರ ಸರಿಯಾಗಿ ಬರದಿದ್ದರೆ, ಅಥವಾ ಬೆವರು ನಿಂತು ಚಳಿ ಅಂದರೆ, ಕೂಡಲೇ ಇಳಿಸಿ ತಲೆಗೆ ನೀರು ಹಾಕಬೇಕು. ಒಂಟಿಯಾಗಿ ಇದನ್ನು ಮಾಡಲೇಬಾರದು. ಮೊದಲ ದಿನ ಹಗುರ ಶ್ರಮಕ್ಕೇ 148 ಇದ್ದ ಎದೆಬಡಿತ ಹತ್ತನೇ ದಿನದ ಹೊತ್ತಿಗೆ 137ಕ್ಕೆ ಬಂತು. ಕೆಳಗೆ ನೆಲದ ಮೇಲೆ ಹಾಸಿದ್ದ ಹಳೇ ಬೆಡ್‌ಶೀಟ್ ಹಿಂಡಿದರೆ ನೀರು ಬರುತ್ತಿತ್ತು.

ಆ ದಿನ

ಒಬ್ಬೊಬ್ಬರಾಗಿ ಸಾಲಿನಲ್ಲಿ ನೀರಿಗಿಳಿಸುವ ಪದ್ಧತಿ ಇರುವುದರಿಂದ ಪ್ರತಿಯೊಬ್ಬರ ಗಡಿಯಾರವೂ ಬೇರೆ. ಸಾವ್ಕಾರ್ರು ಹಿಂದಿನ ಸಾಲಿನಲ್ಲಿ ನಿಂತರು. ಮುಂದೆ ನಿಂತು ವೇಗದವರ ಮೊಣಕೈ ತಿನ್ನುವುದಕ್ಕಿಂತ ಅದು ಎಷ್ಟೋ ವಾಸಿ. ನೀರಿಗಿಳಿದದ್ದು ಏಳೂಕಾಲಿಗೆ. ಮೊದಲ ಗುರುತಿನ ಹತ್ತಿರ ಗುಂಪು ದಟ್ಟವಾಗಿ ಯಾರದೋ ಕಾಲು ಮುಖಕ್ಕೆ ತಾಗಿತು, ಗಾಗಲ್ ಜಾರಿತು. ಬೆನ್ನಿನ ಮೇಲೆ ತಿರುಗಿ ಮೂವತ್ತು ಎಣಿಸಿದರು. ಮತ್ತೆ ಒಬ್ಬರ ಪಾದ ಹಿಡಿದು ಹೊರಟರು. ದಡ ಸೇರಿದಾಗ 1:03. ಏಳು ನಿಮಿಷ ಬಾಕಿ ಇತ್ತು.

ಬಟ್ಟೆ ಬದಲಿಸುವಲ್ಲಿ ಎಂಟು ನಿಮಿಷ ಹೋಯಿತು. ಪಾದದ ಮರಳು ಒರೆಸಿಕೊಳ್ಳಲು ಅವರು ತೆಗೆದುಕೊಂಡ ಸಮಯ ನನಗೆ ಸರಿಯೇ ಅನ್ನಿಸಿತು. ಸಾಕ್ಸಿನೊಳಗಿನ ಮರಳು ಓಟದ ಹತ್ತನೇ ಕಿಲೋಮೀಟರಿನಲ್ಲಿ ಗುಳ್ಳೆಯಾಗಿ ಏಳುತ್ತದೆ.

ಸೈಕಲ್ ಮೇಲೆ ಮೊದಲ ಅರ್ಧ ಗಂಟೆ ಎಲ್ಲರೂ ಅವರನ್ನು ದಾಟುತ್ತಿದ್ದರು. ಆಮೇಲೆ ಬಂದದ್ದು ಧಾರವಾಡದ ಬಿಆರ್‌ಎಂ ಗೆಳೆಯ, ಹತ್ತು ವರ್ಷ ಚಿಕ್ಕವನು. ಪಕ್ಕಕ್ಕೆ ಬಂದು, "ಏನ್ರಿ ಸಾವ್ಕಾರ್ರ, ಹಿಂಗ್ಯಾಕ ಮದಿವಿ ಮೆರವಣಿಗ್ಯಾಗ ಹೊಂಟಂಗ ಹೊಂಟೀರಿ?" ಅಂದು ಮುಂದೆ ಹೋದ. ಇಷ್ಟು ಸಾಕಾಯಿತು. ಅಲ್ಲಿಂದ ಆರೇಳು ಕಿಲೋಮೀಟರ್ ವಾಚಿನಲ್ಲಿ ಎದೆಬಡಿತ 156, 158 ಅಂತ ದಾಖಲಾಗಿದೆ. ಅಂತರ ಬಿಟ್ಟೇ ಹಿಂಬಾಲಿಸಿದ್ದಾರೆ, ಆದರೆ ಹಿಂಬಾಲಿಸಿದ್ದಾರೆ. ಒಂದು ಏರಿನ ತುದಿಯಲ್ಲಿ ವಾಚು ನೋಡಿಕೊಂಡು ಬಿಟ್ಟುಕೊಟ್ಟರಂತೆ. ಆಮೇಲೆ ರಸ್ತೆಯ ಒಂದು ಉಬ್ಬಿನಲ್ಲಿ ಸೀಟಿನ ಹಿಂದಿನ ಬಾಟಲಿ ಹಾರಿಹೋಯಿತು. ಪುಡಿಯ ಕವರು ಬೆನ್ನಿನ ಜೇಬಿನಲ್ಲಿದ್ದದ್ದು ಆಗ ಕಾಪಾಡಿತು. ಸೈಕಲ್ ಇಳಿದದ್ದು 3 ಗಂಟೆ 24 ನಿಮಿಷಕ್ಕೆ, ಸರಾಸರಿ ಎದೆಬಡಿತ 141.

ಆರು ನಿಮಿಷದಲ್ಲಿ ಶೂ ಬದಲಿಸಿ ಓಡಲು ಶುರು ಮಾಡಿದಾಗ ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕು ನಿಮಿಷ ಕಮ್ಮಿ. ಸಮುದ್ರದ ಪಕ್ಕದ ಆ ರಸ್ತೆಯಲ್ಲಿ ಗಾಳಿ ಇದ್ದರೂ ತಂಪಿಲ್ಲ. ಮೊದಲ ಏಳು ಕಿ.ಮೀ. ಕಿಲೋಮೀಟರಿಗೆ 7:10, ಹೇಳಿದ್ದಕ್ಕಿಂತ ಚೂರು ಜಾಸ್ತಿಯೇ ವೇಗ. ಎರಡನೇ ಏಳು 7:50. ಕೊನೆಯ ಏಳು 9:25. ಕೊನೆಯಲ್ಲಿ ಪ್ರತಿ ಕಿಲೋಮೀಟರಿನ ಅರ್ಧ ನಡೆದಿದ್ದಾರೆ. ಓಟ 2:52. ಒಟ್ಟು 7 ಗಂಟೆ 33 ನಿಮಿಷ.

ಲೆಕ್ಕ ತಾಳೆ ನೋಡಿದಾಗ

ಧಾರವಾಡದ ಗೆಳೆಯ ಏನಾದ? ನನ್ನ ವಾದಕ್ಕೆ ಅನುಕೂಲವಾಗುವಂತೆ ಅವನು ರಸ್ತೆ ಬದಿಯಲ್ಲಿ ಕೂತಿರಬೇಕಿತ್ತು. ಹಾಗಾಗಲಿಲ್ಲ. ಸಾವ್ಕಾರ್ರಿಗಿಂತ ಮುಕ್ಕಾಲು ಗಂಟೆ ಮೊದಲೇ ಮುಗಿಸಿ, ಮೆಡಲ್ ಹಾಕಿಕೊಂಡು ಕಲ್ಲಂಗಡಿ ತಿನ್ನುತ್ತ ನಿಂತಿದ್ದ. ಅವನ ಓಟ ಇವರಿಗಿಂತ ಬಹಳ ಚೆನ್ನಾಗಿದೆ, ವಯಸ್ಸೂ ಬೇರೆ. ಇನ್ನೊಬ್ಬರ ವೇಗ ನೋಡಿ ನಮ್ಮ ಲೆಕ್ಕ ಸರಿಯೋ ತಪ್ಪೋ ಅಂತ ತೀರ್ಮಾನಿಸಲು ಬರುವುದಿಲ್ಲ. ಆದರೂ ಸಾವ್ಕಾರ್ರು ಕೇಳಿದ ಪ್ರಶ್ನೆ ನ್ಯಾಯವಾದದ್ದು: ಸೈಕಲ್ಲಿನಲ್ಲಿ ಕೈ ಹಿಡಿದೂ ಓಟದಲ್ಲಿ ಸೋತೆನಲ್ಲ, ಹಾಗಾದರೆ ಹಿಡಿದು ಏನು ಸಿಕ್ಕಿತು?

ವಾಚಿನ ದಾಖಲೆ ಬಿಡಿಸಿ ನೋಡಿದೆವು. ಕಾಲು ಸೋತಿದ್ದರೆ ಓಟದ ಮೊದಲ ಕಿಲೋಮೀಟರುಗಳಲ್ಲೇ ಗೊತ್ತಾಗುತ್ತಿತ್ತು. ಮೊದಲ ಹನ್ನೆರಡು ಕಿ.ಮೀ. ಎದೆಬಡಿತ 150ರ ಹತ್ತಿರ ಸ್ಥಿರವಾಗಿದೆ, ವೇಗವೂ ಮೆಲ್ಲಗೆ ಇಳಿದಿದೆ. ಅದರ ನಂತರ ವೇಗದ ಜೊತೆ ಎದೆಬಡಿತವೂ 135ಕ್ಕೆ ಬಿದ್ದಿದೆ. ಬರೀ ಸೆಖೆಯಿಂದ ಸೋತವರಲ್ಲಿ ನಿಧಾನವಾದರೂ ಎದೆಬಡಿತ ಮೇಲೇ ಇರುವುದನ್ನು ನಾನು ಹೆಚ್ಚು ನೋಡಿದ್ದೇನೆ. ಎರಡೂ ಕೂಡಿ ಬಿದ್ದರೆ ನನ್ನ ಮೊದಲ ಅನುಮಾನ ಊಟದ ಮೇಲೆ. ಏನು ತಿಂದಿರಿ ಅಂತ ಕೇಳಿದೆ. ಹನ್ನೆರಡನೇ ಕಿಲೋಮೀಟರಿನಿಂದ ಸಿಹಿ ನೋಡಿದರೇ ವಾಕರಿಕೆ ಬಂತು, ಬರೀ ನೀರು ಕುಡಿದೆ ಎಂದರು. ಸೈಕಲ್ ಮೇಲೆ ಮೂರೂವರೆ ಗಂಟೆ ಸಿಹಿ ಪಾನಕ, ಆಮೇಲೆ ಓಟಕ್ಕೂ ಅದೇ ಸಿಹಿ, ಪೊಟ್ಟಣದಿಂದ ಹಿಂಡಿ ನುಂಗುವ ಸಕ್ಕರೆಯ ಜೆಲ್. ಗೋಡೌನಿನಲ್ಲಿ ಸೆಖೆಗೆ ಮೈ ಒಗ್ಗಿಸಿದೆವು, ಸೆಖೆಯಲ್ಲಿ ಓಡುತ್ತ ತಿನ್ನುವುದಕ್ಕೆ ಹೊಟ್ಟೆಯನ್ನು ಒಗ್ಗಿಸುವ ಕೆಲಸ ಯೋಜನೆಯಲ್ಲೇ ಇರಲಿಲ್ಲ. ಕೊನೆಯ ಏಳು ಕಿ.ಮೀ.ಯಲ್ಲಿ ಹೋದ ಕಾಲು ಗಂಟೆ ಅಲ್ಲಿಯದು. ಸೈಕಲ್ ಇನ್ನೂ ಜೋರಾಗಿ ತುಳಿದಿದ್ದರೆ ಹೊಟ್ಟೆ ಹನ್ನೆರಡರ ಬದಲು ಆರನೇ ಕಿಲೋಮೀಟರಿಗೇ ಬಾಗಿಲು ಹಾಕುತ್ತಿತ್ತು ಅನ್ನೋದು ನನ್ನ ಅಂದಾಜು. ಅವರು ಒಪ್ಪಿಲ್ಲ.

ಮುಂದಿನ ಸಲಕ್ಕೆ ಬದಲಾವಣೆ ಇಷ್ಟು. ಸೈಕಲ್ಲಿನ ಕೊನೆಯ ಬಾಟಲಿಯಲ್ಲಿ ಸಕ್ಕರೆ ಅರ್ಧ, ಉಪ್ಪು-ಲಿಂಬೆ ಜಾಸ್ತಿ. ಓಟದಲ್ಲಿ ಜೆಲ್ ಬಿಟ್ಟು ಏಡ್ ಸ್ಟೇಷನ್ನಿನ ಕೋಲಾ, ಎರಡು ಗುಟುಕಿನಂತೆ, ಮೊದಲ ಸ್ಟೇಷನ್ನಿನಿಂದಲೇ. ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ ತುಂಡುಗಳನ್ನೂ ಪ್ರಯತ್ನಿಸುತ್ತಿದ್ದಾರೆ, ಅದು ಅವರ ಹೆಂಡತಿಯ ಸಲಹೆ. ಗೋಡೌನಿನಲ್ಲಿ ಬೆವರಿದ ಮೇಲೆ ಇಳಿದು ಮಧ್ಯಾಹ್ನವೇ ಅರ್ಧ ಗಂಟೆ ಓಡುತ್ತ ಇದನ್ನೆಲ್ಲ ತಿಂದು ನೋಡುವುದು. ಓಟದ ಮೊದಲ ಏಳು ಕಿ.ಮೀ. 7:40ಕ್ಕಿಂತ ವೇಗವಾಗಿ ಹೋಗುವಂತಿಲ್ಲ.

ಸೈಕಲ್ಲಿಗೆ 3:10 ಬೇಕೇ ಬೇಕು ಅಂತ ಹಟ ಹಿಡಿದಿದ್ದಾರೆ. ಈಜಿನಲ್ಲಿ ಐದು ನಿಮಿಷ ಕಡಿಮೆ ಮಾಡಿ ತೋರಿಸಿ, ಆಮೇಲೆ ಆ ಮಾತು ಎಂದಿದ್ದೇನೆ. ಈಗ ವಾರಕ್ಕೆ ನಾಲ್ಕು ದಿನ ಪೂಲ್‌ಗೆ ಹೋಗುತ್ತಿದ್ದಾರೆ, ನೂರು ಮೀಟರಿಗೆ 2:36ಕ್ಕೆ ಬಂದಿದೆ.